ಬೋಡಿ: ಬೀಳಲು ಬಿಡದ ಊರು

ಶಾಲೆಯ ಬಾಗಿಲಿಗೆ ಬೀಗ. ಒಳಗೆ ನೋಡಬೇಕಾದರೆ ಕಿಟಕಿಯ ಗಾಜಿಗೆ ಮುಖ ಒತ್ತಿ, ಎರಡೂ ಕೈಯಿಂದ ಬಿಸಿಲಿಗೆ ಮರೆ ಮಾಡಿಕೊಳ್ಳಬೇಕು. ಒಂದೆರಡು ಕ್ಷಣ ಏನೂ ಕಾಣುವುದಿಲ್ಲ. ಆಮೇಲೆ ಒಂದೊಂದೇ ಮೂಡುತ್ತದೆ. ಸಾಲಾಗಿ ಮಕ್ಕಳ ಡೆಸ್ಕುಗಳು. ಒಂದು ಗ್ಲೋಬು. ಪುಸ್ತಕಗಳು. ಎಲ್ಲದರ ಮೇಲೂ ಒಂದೇ ಸಮ ಕೂತ ಧೂಳು. 1942ರ ನಂತರ ಈ ಕೋಣೆಯಲ್ಲಿ ಪಾಠ ನಡೆದಿಲ್ಲ.

ಇದು ಬೋಡಿ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮೋನೋ ಕೌಂಟಿಯಲ್ಲಿ, ಸಿಯೆರಾ ನೆವಾಡ ಬೆಟ್ಟಸಾಲಿನ ಪೂರ್ವಕ್ಕೆ, 8,379 ಅಡಿ ಎತ್ತರದ ಒಂದು ಬೋಳು ಕಣಿವೆಯಲ್ಲಿ ಇದೆ. ಚಿನ್ನಕ್ಕಾಗಿ ಹುಟ್ಟಿದ ಊರು, ಚಿನ್ನ ಮುಗಿದ ಮೇಲೆ ಬರಿದಾಯಿತು. ನಮ್ಮ ಕಂದಾಯ ದಾಖಲೆಗಳ ಮಾತಿನಲ್ಲಿ ಹೇಳುವುದಾದರೆ ಬೇಚರಾಕ್. ಅಮೆರಿಕದ ಪಶ್ಚಿಮದಲ್ಲಿ ಇಂಥ ಗಣಿ ಊರುಗಳು ನೂರಾರು ಹುಟ್ಟಿವೆ, ಸತ್ತಿವೆ. ಎಷ್ಟೋ ಕಡೆ ಈಗ ಉಳಿದಿರುವುದು ನಾಲ್ಕು ಅಡಿಪಾಯದ ಕಲ್ಲು, ತುಕ್ಕು ಹಿಡಿದ ಡಬ್ಬಿಗಳು, ಅಷ್ಟೇ. ಬೋಡಿಯಲ್ಲಿ ಮಾತ್ರ ಸುಮಾರು 110 ಕಟ್ಟಡಗಳು ಇನ್ನೂ ನಿಂತಿವೆ. ಅದೂ ಬರೀ ಗೋಡೆಗಳಲ್ಲ. ಮಂಚ, ಕುರ್ಚಿ, ಪಾತ್ರೆ, ಅಂಗಡಿಯ ಡಬ್ಬಿಗಳ ಸಮೇತ.

ಮರದಲ್ಲಿ ಕಟ್ಟಿದ ಊರು ಇಷ್ಟು ವರ್ಷ ಹೇಗೆ ನಿಂತಿತು? ಒಣ ಹವೆ, ಎತ್ತರದ ಚಳಿ, ಅದಕ್ಕೇ ಮರ ಕೊಳೆಯಲಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಅದು ನಿಜ. ಆದರೆ ಅಷ್ಟರಿಂದಲೇ ಊರು ಉಳಿಯಲಿಲ್ಲ. ಬೋಡಿಯ ಕಥೆಯನ್ನು ಮೊದಲಿಂದ ನೋಡಿದರೆ, ಅದು ಹಾಳಾಗಬೇಕಾಗಿದ್ದ ಒಂದೊಂದು ಸಲವೂ ಯಾರೋ ಅಲ್ಲೇ ನಿಂತು ಕಾದಿದ್ದಾರೆ. ಈ ಬರಹದಲ್ಲಿ ನನಗೆ ತೋರಿಸಬೇಕಾಗಿರುವುದು ಅದನ್ನೇ.

ಊರು ಬಂದ ದಾರಿ

1859ರಲ್ಲಿ ಡಬ್ಲ್ಯು. ಎಸ್. ಬೋಡಿ ಮತ್ತು ಜೊತೆಯವರು ಈ ಬೆಟ್ಟದಲ್ಲಿ ಚಿನ್ನ ಕಂಡರು. ನ್ಯೂಯಾರ್ಕ್ ರಾಜ್ಯದ ಪಕೀಪ್ಸಿ ಊರಿನಿಂದ ಬಂದ ಮನುಷ್ಯ. ಅದೇ ಚಳಿಗಾಲ, ದಿನಸಿ ತರಲು ಮೋನೋವಿಲ್ ಎಂಬ ಕಡೆಗೆ ಹೋಗಿ ಬರುವಾಗ ಹಿಮಗಾಳಿಗೆ ಸಿಕ್ಕಿ ಸತ್ತ. ತನ್ನ ಹೆಸರಿನ ಊರನ್ನು ಅವನು ನೋಡಲೇ ಇಲ್ಲ. ಅವನ ಹೆಸರಿನ ಇಂಗ್ಲಿಷ್ ಸ್ಪೆಲಿಂಗ್ ಬೇರೆ ಇತ್ತು. ಬೋರ್ಡು ಬರೆಯುವವನೊಬ್ಬ ಬದಲಾಯಿಸಿ ಬರೆದ, ಅದೇ ನಿಂತಿತು ಅಂತ ಹೇಳುತ್ತಾರೆ.

ಮುಂದಿನ ಹದಿನೈದು ವರ್ಷ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಅಕ್ಕಪಕ್ಕದ ನೆವಾಡದಲ್ಲಿ ಬೆಳ್ಳಿ ಸಿಗುತ್ತಿದ್ದಾಗ ಇಲ್ಲಿಗೆ ಯಾರು ಬರುತ್ತಾರೆ? 1875ರಲ್ಲಿ ಒಂದು ಗಣಿಯೊಳಗೆ ಮಣ್ಣು ಕುಸಿಯಿತು. ಕುಸಿದ ಜಾಗದಲ್ಲಿ ಒಳ್ಳೆ ಅದಿರು ಕಂಡಿತು. 1877ರ ಹೊತ್ತಿಗೆ ಸ್ಟ್ಯಾಂಡರ್ಡ್ ಕಂಪನಿ ಅಲ್ಲಿ ನೆಲೆಯೂರಿತು. ಮರುವರ್ಷ ಪಕ್ಕದ ಬೋಡಿ ಗಣಿಯಲ್ಲೂ ಭಾರಿ ಅದಿರು ಸಿಕ್ಕಿತು. ಸುದ್ದಿ ಹರಡಿತು, ಜನ ಮುಗಿಬಿದ್ದರು. 1879ರ ಸುಮಾರಿಗೆ ಅಲ್ಲಿ 5,000ದಿಂದ 7,000 ಜನ, 2,000ದಷ್ಟು ಕಟ್ಟಡಗಳು ಇದ್ದವು ಅನ್ನುವುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಮುಖ್ಯ ಬೀದಿ ಒಂದು ಮೈಲಿ ಉದ್ದ. ಅದರಲ್ಲಿ 65 ಸಲೂನುಗಳಿದ್ದವಂತೆ, ಅಂದರೆ ಹೆಂಡದಂಗಡಿಗಳು. ಚೀನಾದಿಂದ ಬಂದ ನೂರಾರು ಜನರದ್ದೇ ಒಂದು ಕೇರಿ ಇತ್ತು. ಹೊಡೆದಾಟ, ಗುಂಡೇಟು ಜಾಸ್ತಿ. ಊರು ಬಿಟ್ಟು ಇಲ್ಲಿಗೆ ಹೊರಟ ಮನೆಯೊಂದರ ಪುಟ್ಟ ಹುಡುಗಿ, 'ದೇವರೇ, ಹೋಗಿ ಬರ್ತೀನಿ, ನಾವು ಬೋಡಿಗೆ ಹೊರಟ್ವಿ' ಅಂದಳು ಅನ್ನುವ ಕಥೆ ಆಗಿನಿಂದಲೂ ಓಡಾಡುತ್ತಿದೆ.

ಬೋಡಿ ಅಂದ ಕೂಡಲೇ ಜನ ಈ ಹೊಡೆದಾಟದ ಕಥೆಗಳಿಗೆ ಮರುಳಾಗುತ್ತಾರೆ. ನನ್ನ ಗಮನ ಮಾತ್ರ ಹೋಗುವುದು ಮರದ ಕಡೆಗೆ. ಈ ಕಣಿವೆಯಲ್ಲಿ ಮರವೇ ಇಲ್ಲ. ಸೇಜ್‌ಬ್ರಷ್ ಅನ್ನುವ ಬೂದು ಬಣ್ಣದ ಕುರುಚಲು ಗಿಡ ಬಿಟ್ಟರೆ ಕಣ್ಣಿಗೆ ಹಸಿರು ಬೀಳುವುದು ಕಡಿಮೆ. ಗೋಡೆಗೆ ಹಲಗೆ, ಗಣಿಯೊಳಗೆ ಆಸರೆ ತೊಲೆ, ಉಗಿ ಯಂತ್ರಕ್ಕೆ ಸೌದೆ, ಮನೆಯ ಒಲೆಗೆ ಸೌದೆ, ಎಲ್ಲವೂ ಹೊರಗಿನಿಂದ ಬರಬೇಕು. ಇದಕ್ಕೋಸ್ಕರವೇ 1881ರಲ್ಲಿ ಮೋನೋ ಸರೋವರದ ಆಚೆಯ ಕಾಡಿಗೆ 32 ಮೈಲಿ ಉದ್ದದ ನ್ಯಾರೋಗೇಜ್ ರೈಲು ಹಾಕಿದರು. ಆ ರೈಲು ಬೇರೆ ಯಾವ ರೈಲು ದಾರಿಗೂ ಕೂಡಲಿಲ್ಲ. ಕಾಡಿನಿಂದ ಬೋಡಿಗೆ, ಬೋಡಿಯಿಂದ ಕಾಡಿಗೆ. ಉಳಿದ ಸಾಮಾನೆಲ್ಲ ಹೇಸರಗತ್ತೆ, ಕುದುರೆ ಎಳೆಯುವ ಬಂಡಿಯಲ್ಲೇ ಬೆಟ್ಟ ಹತ್ತಬೇಕಿತ್ತು. ಒಂದು ಕಬ್ಬಿಣದ ಒಲೆ ಇಲ್ಲಿಗೆ ಬಂದು ಸೇರಬೇಕಾದರೆ ಎಷ್ಟು ಖರ್ಚು, ಎಷ್ಟು ಪಾಡು ಅಂತ ಯೋಚಿಸಿ. ಈ ಮಾತು ಮುಂದೆ ಬೇಕಾಗುತ್ತದೆ.

ಬೆಟ್ಟದಿಂದ ತೆಗೆದ ಅದಿರು ಸ್ಟ್ಯಾಂಪ್ ಮಿಲ್ಲಿಗೆ ಹೋಗುತ್ತಿತ್ತು. ಸ್ಟ್ಯಾಂಪ್ ಅಂದರೆ ದೊಡ್ಡ ಕಬ್ಬಿಣದ ಒನಕೆ ಅಂದುಕೊಳ್ಳಿ. ಒಂದು ಸಾಲು ಒನಕೆಗಳನ್ನು ಯಂತ್ರ ಎತ್ತಿ ಎತ್ತಿ ಬಿಡುತ್ತದೆ. ಕೆಳಗೆ ಕಲ್ಲು ನುಚ್ಚಾಗುತ್ತದೆ. ಆ ನುಚ್ಚನ್ನು ನೀರಿನ ಜೊತೆ ಪಾದರಸ ಸವರಿದ ತಾಮ್ರದ ತಗಡಿನ ಮೇಲೆ ಹರಿಸುತ್ತಾರೆ. ಚಿನ್ನ ಪಾದರಸಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಕಾಯಿಸಿದರೆ ಪಾದರಸ ಆವಿಯಾಗಿ ಚಿನ್ನ ಉಳಿಯುತ್ತದೆ. ಸ್ಟ್ಯಾಂಡರ್ಡ್ ಮಿಲ್ಲಿನಲ್ಲಿ ಇಂಥ 20 ಒನಕೆಗಳಿದ್ದವು. ಆ ಮಿಲ್ಲು 1898ರಲ್ಲಿ ಸುಟ್ಟು, ಮರುವರ್ಷ ಮತ್ತೆ ಎದ್ದಿತು. ಈಗಲೂ ಊರಿನ ಮೇಲಿನ ಇಳಿಜಾರಿನಲ್ಲಿ ತಗಡಿನ ಬೆನ್ನು ಹೊಳೆಸಿಕೊಂಡು ಕೂತಿರುವುದು ಅದೇ.

ಒಂದೇ ರಾತ್ರಿಯಲ್ಲಿ ಖಾಲಿಯಾಗಲಿಲ್ಲ

ಬೋಡಿಯ ಫೋಟೋ ನೋಡಿದವರ ಮನಸ್ಸಿಗೆ ಮೊದಲು ಬರುವುದು ಒಂದೇ. ಮೇಜಿನ ಮೇಲೆ ತಟ್ಟೆ ಹಾಗೇ ಇದೆ, ಅಂಗಡಿಯಲ್ಲಿ ಸಾಮಾನು ಹಾಗೇ ಇದೆ, ಅಂದಮೇಲೆ ಜನ ಇದ್ದಕ್ಕಿದ್ದಂತೆ ಓಡಿಹೋಗಿರಬೇಕು. ಈ ತಪ್ಪು ಕಲ್ಪನೆ ಎಷ್ಟು ಗಟ್ಟಿಯಾಗಿದೆ ಅಂದರೆ, ನಿಜವಾದ ಕಥೆ ಹೇಳಿದರೆ ಕೆಲವರಿಗೆ ಸಪ್ಪೆ ಅನ್ನಿಸುತ್ತದೆ. ನನಗೆ ಅದೇ ಜಾಸ್ತಿ ಮನಸ್ಸಿಗೆ ತಟ್ಟುವ ಭಾಗ.

ಬೋಡಿ ಸಾಯಲು ಅರವತ್ತು ವರ್ಷ ತೆಗೆದುಕೊಂಡಿತು. 1880ರ ದಶಕದ ಶುರುವಿನಲ್ಲೇ ಬೇರೆ ಕಡೆ ಹೊಸ ಗಣಿಗಳ ಸುದ್ದಿ ಬಂದು, ಅದೃಷ್ಟ ಹುಡುಕಿ ಬಂದವರು ಜಾಗ ಖಾಲಿ ಮಾಡಿದರು. ಸಂಸಾರಸ್ಥರು ಉಳಿದರು. ಮೆಥಡಿಸ್ಟ್ ಚರ್ಚು ಕಟ್ಟಿದ್ದು 1882ರಲ್ಲಿ, ಜನ ಹೊರಡಲು ಶುರು ಮಾಡಿದ ಮೇಲೆ. ಅಂದರೆ ಉಳಿದವರು ಇಲ್ಲೇ ಬಾಳುವ ಲೆಕ್ಕದಲ್ಲಿದ್ದರು, ಅಲ್ವಾ? 1887ರಲ್ಲಿ ಸ್ಟ್ಯಾಂಡರ್ಡ್ ಮತ್ತು ಬೋಡಿ ಗಣಿಗಳು ಒಂದಾದವು. ಸೌದೆಯ ಖರ್ಚು ತಡೆಯಲಾಗದೆ ಕಂಪನಿ ಹೊಸ ದಾರಿ ಹುಡುಕಿತು. ಸುಮಾರು 13 ಮೈಲಿ ದೂರದ ಗ್ರೀನ್ ಕ್ರೀಕ್ ತೊರೆಯ ನೀರಿನಿಂದ ಕರೆಂಟು ತೆಗೆದು, ತಂತಿಯ ಮೇಲೆ ತಂದು, 1893ರಲ್ಲಿ ಮಿಲ್ಲನ್ನು ಓಡಿಸಿತು. ಆ ಕಾಲಕ್ಕೆ ಅದು ದೊಡ್ಡ ಸಾಹಸ. ಅದೇ ದಶಕದಲ್ಲಿ ಸಯನೈಡ್ ವಿಧಾನ ಬಂತು. ಹಿಂದೆ ಅರೆದು ಬಿಸಾಡಿದ್ದ ಮರಳಿನಲ್ಲೂ ಉಳಿದಿದ್ದ ಚಿನ್ನ ಕೈಗೆ ಸಿಕ್ಕಿತು. ಊರಿಗೆ ಇನ್ನಷ್ಟು ವರ್ಷ ಉಸಿರು ಬಂತು.

1910ರ ಜನಗಣತಿಯಲ್ಲಿ 698 ಜನ. 1912ರಲ್ಲಿ ಊರಿನ ಕೊನೆಯ ಪತ್ರಿಕೆ ನಿಂತಿತು. 1913ರಲ್ಲಿ ಸ್ಟ್ಯಾಂಡರ್ಡ್ ಗಣಿ ಮುಚ್ಚಿತು. 1917ರಲ್ಲಿ ರೈಲಿನ ಕೆಲಸ ಮುಗಿದು ಕಂಬಿ ಕಿತ್ತರು. 1920ಕ್ಕೆ 120 ಜನ.

ಹೀಗೆ ಒಂದೊಂದು ಮನೆಯವರೂ ಬೇರೆ ಬೇರೆ ಕಾಲದಲ್ಲಿ ಹೊರಟರು. ಹೊರಡುವಾಗ ಗಾಡಿಗೆ ಹಿಡಿಸಿದ್ದನ್ನು ಹಾಕಿಕೊಂಡರು, ಉಳಿದದ್ದನ್ನು ಬಿಟ್ಟರು. ಆ ಕಬ್ಬಿಣದ ಒಲೆಯ ಮಾತು ಇಲ್ಲಿಗೆ ಬಂತು ನೋಡಿ. ಮೇಲೆ ತರಲು ಪಟ್ಟ ಪಾಡು ಕೆಳಗೆ ಒಯ್ಯುವಾಗಲೂ ತಪ್ಪುವುದಿಲ್ಲ. ಒಲೆ, ಮಂಚ, ಪಿಯಾನೋ ಇಳಿಸುವ ಖರ್ಚಿನಲ್ಲಿ ಹೊಸದೇ ಕೊಳ್ಳಬಹುದು. ಮಾರೋಣ ಅಂದರೆ ಊರಿನಲ್ಲಿ ಕೊಳ್ಳುವವರೇ ಇಲ್ಲ. ಹಾಗಾಗಿ ಬೂನ್ ಅಂಗಡಿಯ ಕಪಾಟುಗಳಲ್ಲಿ ಇವತ್ತಿಗೂ ಡಬ್ಬಿಗಳು ನಿಂತಿವೆ. ಶವಾಗಾರದ ಕಿಟಕಿಯಲ್ಲಿ ಇಣುಕಿದರೆ ಶವಪೆಟ್ಟಿಗೆಗಳಿವೆ, ಅದರಲ್ಲಿ ಪುಟ್ಟ ಮಕ್ಕಳ ಅಳತೆಯವೂ ಇವೆ. ಅಷ್ಟು ಚಿಕ್ಕ ಪೆಟ್ಟಿಗೆ ಮಾಡಿ ಇಟ್ಟುಕೊಂಡಿದ್ದರು ಅನ್ನುವುದರಲ್ಲೇ ಆ ಊರಿನ ಚಳಿಗಾಲ ಎಂಥದ್ದು ಅಂತ ತಿಳಿಯುತ್ತದೆ.

ಬೋಡಿಯ ಪೇಟೆ ದೊಡ್ಡ ಬೆಂಕಿಗೂ ಎರಡು ಸಲ ಸಿಕ್ಕಿತು. 1892ರಲ್ಲಿ ಒಮ್ಮೆ. ಆಮೇಲೆ 1932ರ ಜೂನ್‌ನಲ್ಲಿ. ಈ ಎರಡನೆಯದು ಸಣ್ಣ ಹುಡುಗನೊಬ್ಬ ಬೆಂಕಿಕಡ್ಡಿ ಗೀರಿ ಆಡುತ್ತಿದ್ದಾಗ ಹೊತ್ತಿತು ಅಂತ ಹೇಳುತ್ತಾರೆ. ಆರಿಸಲು ಹೋದರೆ ನೀರಿನ ಪೈಪಿನಲ್ಲಿ ಕಲ್ಲುಮಣ್ಣು ಕಟ್ಟಿಕೊಂಡು ನೀರೇ ಬರಲಿಲ್ಲವಂತೆ. ಪೇಟೆಯ ಭಾಗ ಬಹುಪಾಲು ಸುಟ್ಟುಹೋಯಿತು. ಬ್ಯಾಂಕಿನ ಕಟ್ಟಡ ಹೋಗಿ ಅದರ ಇಟ್ಟಿಗೆಯ ತಿಜೋರಿ ಕೋಣೆ ಮಾತ್ರ ನಿಂತಿತು. ಈಗ ಕಾಣುವ ಬೋಡಿ ಅದರ ತುಂಬು ಕಾಲದ ಊರಿನ ನೂರರಲ್ಲಿ ಐದು ಪಾಲು ಅಷ್ಟೇ. ಬೀದಿಯಲ್ಲಿ ನಡೆಯುವಾಗ ಮನೆಗಳ ನಡುವೆ ಅಷ್ಟೊಂದು ಬಯಲು ಯಾಕೆ ಅಂತ ಅನ್ನಿಸಿದರೆ, ಉತ್ತರ ಇದು.

ಚರ್ಚಿನಲ್ಲಿ ಕೊನೆಯ ಪ್ರಾರ್ಥನೆ ನಡೆದದ್ದೂ 1932ರಲ್ಲೇ. ಎರಡನೇ ಮಹಾಯುದ್ಧ ಬಂತು. ಯುದ್ಧಕ್ಕೆ ಬೇಡದ ಚಿನ್ನದ ಗಣಿಗಳನ್ನು ಮುಚ್ಚಬೇಕು ಅಂತ 1942ರಲ್ಲಿ ಸರ್ಕಾರ ಆದೇಶ ಹೊರಡಿಸಿತು. ಅದೇ ವರ್ಷ ಬೋಡಿಯ ಅಂಚೆ ಕಚೇರಿಯೂ ಮುಚ್ಚಿತು.

ಕಾವಲುಗಾರನ ಕಾಲ

ಹಾಳೂರಿಗೆ ಅತಿ ಕೆಟ್ಟ ಕಾಲ ಯಾವುದು ಗೊತ್ತಾ? ಕೊನೆಯ ಮನೆಯವರು ಹೋದ ಮೇಲಿನ ಮೊದಲ ಇಪ್ಪತ್ತು ವರ್ಷ. ಅದು ಇನ್ನೂ ಇತಿಹಾಸ ಆಗಿರುವುದಿಲ್ಲ. ಬರೀ ಯಾರೂ ಇಲ್ಲದ ಜಾಗ. ಕಿಟಕಿ, ಬಾಗಿಲು, ಹಲಗೆ, ಹಿತ್ತಾಳೆಯ ಹಿಡಿ, ಒಂದೊಂದೇ ಕಾಣೆಯಾಗುತ್ತದೆ. ಕೆಲವರು ಸುಮ್ನೆ ಮೋಜಿಗೆ ಗಾಜು ಒಡೆಯುತ್ತಾರೆ. ಎಷ್ಟೋ ಗಣಿ ಊರುಗಳು ಮುಗಿದದ್ದು ಹೀಗೆಯೇ.

ಬೋಡಿಗೆ ಆ ಕಾಲದಲ್ಲಿ ಕೇನ್ ಕುಟುಂಬ ಇತ್ತು. ಜೇಮ್ಸ್ ಕೇನ್ 1879ರಲ್ಲಿ ದುಡಿಮೆ ಹುಡುಕಿಕೊಂಡು ಬಂದವರು. ಮರದ ಸಾಗಾಣಿಕೆಯಿಂದ ಶುರು ಮಾಡಿ, ಬ್ಯಾಂಕು ನಡೆಸಿ, ಜನ ಹೋದ ಹಾಗೆ ಜಾಗ, ಗಣಿ ಕೊಳ್ಳುತ್ತಾ ಬಂದರು. ಕೊನೆಗೆ ಊರಿನ ಬಹುಪಾಲು ಅವರ ಮನೆತನದ ಕೈಯಲ್ಲಿತ್ತು. ಎಲ್ಲರೂ ಹೋದ ಮೇಲೆ ಆ ಮನೆಯವರು ಕಾವಲುಗಾರರನ್ನು ಇಟ್ಟರು. ಯಾರೂ ಇಲ್ಲದ ಊರಿಗೆ, ಸಂಬಳ ಕೊಟ್ಟು.

ಈ ಪ್ರಕರಣದ ನಡುಗಂಬ ಇದೇ ಅನ್ನುವುದು ನನ್ನ ಅಭಿಪ್ರಾಯ. ಒಡೆತನ ನೂರು ಜನರ ನಡುವೆ ಹಂಚಿಹೋಗಿದ್ದರೆ ಯಾರಿಗೂ ಅದು ತಮ್ಮದು ಅನ್ನಿಸುತ್ತಿರಲಿಲ್ಲ. ಒಂದೇ ಮನೆತನದ ಕೈಯಲ್ಲಿದ್ದದ್ದು, ಆ ಮನೆತನಕ್ಕೆ ಊರಿನ ಮೇಲೆ ಪ್ರೀತಿ ಇದ್ದದ್ದು, ಎರಡೂ ಸೇರಿ ಊರನ್ನು ದಾಟಿಸಿದವು. 1961ರಲ್ಲಿ ಬೋಡಿಯನ್ನು ರಾಷ್ಟ್ರೀಯ ಚಾರಿತ್ರಿಕ ತಾಣ ಅಂತ ಗುರುತಿಸಿದರು. 1962ರಲ್ಲಿ ಕ್ಯಾಲಿಫೋರ್ನಿಯಾ ಅದನ್ನು ರಾಜ್ಯದ ಚಾರಿತ್ರಿಕ ಉದ್ಯಾನವಾಗಿ ತನ್ನ ಕೈಗೆ ತೆಗೆದುಕೊಂಡಿತು.

ಹೇಗಿತ್ತೋ ಹಾಗೆ

ಆಗ ಮುಂದೆ ಎರಡು ದಾರಿ ಇದ್ದವು. ಎಲ್ಲ ದುರಸ್ತಿ ಮಾಡಿ, ಬಣ್ಣ ಬಳಿದು, 1880ರ ಊರಿನ ಹಾಗೆ ಸಿಂಗರಿಸಬಹುದಿತ್ತು. ಇಲ್ಲವೇ ಕೈಬಿಟ್ಟು, ಬಿದ್ದಷ್ಟು ಬೀಳಲಿ ಅನ್ನಬಹುದಿತ್ತು. ಉದ್ಯಾನದವರು ಎರಡನ್ನೂ ಒಪ್ಪಲಿಲ್ಲ. ತಮ್ಮ ಕೈಗೆ ಬಂದಾಗ ಊರು ಹೇಗಿತ್ತೋ ಹಾಗೇ ಹಿಡಿದು ನಿಲ್ಲಿಸಬೇಕು ಅಂತ ತೀರ್ಮಾನಿಸಿದರು. ಅದಕ್ಕೆ ಅವರು ಇಟ್ಟ ಹೆಸರು 'ಅರೆಸ್ಟೆಡ್ ಡಿಕೇ'. ಹಾಳಾಗುವುದನ್ನು ಅಲ್ಲಿಗೇ ತಡೆಯುವುದು.

ಕೇಳಲು ಸುಲಭ. ಮಾಡಲು ತುಂಬಾ ಕಷ್ಟ. ಸ್ವೇಜಿ ಹೋಟೆಲ್ ಅನ್ನುವ ಕಟ್ಟಡವನ್ನೇ ತೆಗೆದುಕೊಳ್ಳಿ. ಅದು ಒಂದು ಕಡೆಗೆ ವಾಲಿದೆ. ಪಕ್ಕಕ್ಕೆ ಉದ್ದುದ್ದ ತೊಲೆಗಳನ್ನು ಓರೆಯಾಗಿ ಊರಿಕೊಟ್ಟಿದ್ದಾರೆ, ವಯಸ್ಸಾದವರು ಕೋಲು ಊರಿ ನಿಂತ ಹಾಗೆ. ನೆಟ್ಟಗೆ ಮಾಡುವ ಹಾಗಿಲ್ಲ, ಯಾಕೆಂದರೆ ವಾಲಿದ್ದೇ ಅದರ ರೂಪ. ಇನ್ನೂ ವಾಲಲು ಬಿಡುವ ಹಾಗೂ ಇಲ್ಲ. ಚಾವಣಿ ಸೋರಿದರೆ ಸೋರಿದ ಕಡೆಯ ಹಲಗೆ ಬದಲಾಯಿಸುತ್ತಾರೆ. ಕಿಟಕಿ ಗಾಜು ಒಡೆದರೆ ಮುಚ್ಚುತ್ತಾರೆ. ನೆಲಕ್ಕೆ ತಾಗಿದ ತೊಲೆ ಕೊಳೆತರೆ ಕಟ್ಟಡವನ್ನು ಕೊಂಚ ಎತ್ತಿ ಹಿಡಿದು, ಅಡಿಪಾಯ ಗಟ್ಟಿ ಮಾಡುತ್ತಾರೆ. ಬಣ್ಣ ಮಾತ್ರ ಬಳಿಯುವುದಿಲ್ಲ. ಒಳಗಿನ ಧೂಳು ಒರೆಸುವುದಿಲ್ಲ. ಗೋಡೆಯಿಂದ ಕಳಚಿ ಜೋತುಬಿದ್ದ ಕಾಗದವನ್ನು ಮತ್ತೆ ಅಂಟಿಸುವುದಿಲ್ಲ.

ಚೆನ್ನಾಗಿ ಕೆಲಸ ಮಾಡಿದ ಬಡಗಿಯ ಕೆಲಸ ಇಲ್ಲಿ ಯಾರ ಕಣ್ಣಿಗೂ ಬೀಳಬಾರದು. ಇದನ್ನು ಯೋಚಿಸಿದಾಗ ಅವರ ಮೇಲೆ ನನಗೆ ತುಂಬಾ ಗೌರವ ಬರುತ್ತದೆ. ಒಂದು ತಕರಾರೂ ಇದೆ, ಅದು ನ್ಯಾಯವಾದದ್ದೇ: ಇವತ್ತು ಒಂದು ಹಲಗೆ, ನಾಳೆ ಇನ್ನೊಂದು ಹಲಗೆ ಬದಲಾಯಿಸುತ್ತಾ ಹೋದರೆ ಕೊನೆಗೆ ಹಳೆಯದು ಏನು ಉಳಿಯುತ್ತದೆ? ಉತ್ತರ ಸುಲಭವಿಲ್ಲ. ಆದರೂ ಹೊಳೆಯುವ ಬಣ್ಣದ ನಕಲಿ ಊರಿಗಿಂತ ಈ ದಾರಿ ಪ್ರಾಮಾಣಿಕವಾದದ್ದು ಅಂತಲೇ ನಾನು ಹೇಳುತ್ತೇನೆ. ಇಲ್ಲಿ ಜನ ಬಂದರು, ಬದುಕಿದರು, ಬಿಟ್ಟುಹೋದರು. ಬಿಟ್ಟುಹೋದ ಭಾಗವನ್ನು ಅಳಿಸಿದರೆ ಕಥೆಯ ಅರ್ಧ ಹೋಯಿತು.

ಅಪಾಯಗಳು ಇನ್ನೂ ಇವೆ

1980ರ ದಶಕದ ಕೊನೆಯಲ್ಲಿ ಕೆನಡಾದ ಕಂಪನಿಯೊಂದು ಊರಿನ ಪಕ್ಕದ ಗುಡ್ಡದಲ್ಲಿ ಮತ್ತೆ ಚಿನ್ನ ತೆಗೆಯಲು ಹೊರಟಿತ್ತು. ದೊಡ್ಡ ವಿರೋಧ ಎದ್ದಿತು. 1994ರಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿ ಅಲ್ಲಿ ಹೊಸ ಗಣಿ ಹಕ್ಕು ಕೊಡುವುದನ್ನು ನಿಲ್ಲಿಸಿತು. ಊರನ್ನು ಹುಟ್ಟಿಸಿದ ಚಿನ್ನವೇ ಅದನ್ನು ಮುಗಿಸಲು ಬಂದಿತ್ತು. 2016ರ ಡಿಸೆಂಬರ್ 28ರಂದು ಹತ್ತಿರದ ನೆವಾಡ ಗಡಿಯಲ್ಲಿ ಭೂಮಿ ನಡುಗಿ ಕೆಲವು ಕಟ್ಟಡಗಳಿಗೆ ಪೆಟ್ಟಾಯಿತು.

ಆದರೆ ದಿನದಿನದ ಕಾಟ ಅಂದರೆ ಕಳ್ಳತನ. ಒಂದು ಮೊಳೆ, ಒಂದು ಗಾಜಿನ ಚೂರು, ಒಂದು ಹಳೇ ಬಾಟಲಿಯ ಕುತ್ತಿಗೆ. ಇಷ್ಟು ಚಿಕ್ಕದು ತೆಗೆದರೆ ಏನಾಯಿತು ಅಂತ ಪ್ರತಿಯೊಬ್ಬರೂ ಅಂದುಕೊಳ್ಳುತ್ತಾರೆ. ವರ್ಷಕ್ಕೆ ಸುಮಾರು 2 ಲಕ್ಷ ಜನ ಬರುವ ಜಾಗ ಅದು. ಚರ್ಚಿನಲ್ಲಿ ವೇದಿಕೆಯ ಹಿಂದೆ ಮೇಣಬಟ್ಟೆಯ ಮೇಲೆ ಬೈಬಲ್ಲಿನ ಹತ್ತು ಆಜ್ಞೆಗಳನ್ನು ಬರೆದು ತೂಗುಹಾಕಿದ್ದರು. ಕದಿಯಬಾರದು ಅನ್ನುವುದೂ ಅದರಲ್ಲಿ ಒಂದು. ಆ ಬಟ್ಟೆಯನ್ನೇ ಯಾರೋ ಕದ್ದುಕೊಂಡು ಹೋದರು. ಓದಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು.

ಬೋಡಿಯಿಂದ ಏನಾದರೂ ಎತ್ತಿಕೊಂಡು ಹೋದರೆ ಶಾಪ ತಟ್ಟುತ್ತದೆ ಅನ್ನುವ ಮಾತು ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ಉದ್ಯಾನದ ಸಿಬ್ಬಂದಿಯೊಬ್ಬರೇ ಕಳ್ಳತನ ತಡೆಯಲು ಅದನ್ನು ಹಬ್ಬಿಸಿದರು ಅಂತ ಹೇಳುತ್ತಾರೆ. ಪರಿಣಾಮ ಏನಾಯಿತು ನೋಡಿ. ಕದ್ದ ಮೊಳೆ, ಚೂರುಗಳು ಅಂಚೆಯಲ್ಲಿ ವಾಪಸ್ ಬರತೊಡಗಿದವು. ಜೊತೆಗೆ ಕ್ಷಮಿಸಿ ಅಂತ ಬರೆದ ಕಾಗದ. ಆ ಕಾಗದಗಳಲ್ಲಿ ಕೆಲವನ್ನು ಅಲ್ಲಿನ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ಶಾಪ ನಂಬದವರೂ ಇದನ್ನು ತಿಳಿದಿರಬೇಕು: ಮರಳಿ ಬಂದ ಮೊಳೆ ಮೊದಲು ಯಾವ ಮನೆಯ ಯಾವ ಮೂಲೆಯಲ್ಲಿತ್ತು ಅಂತ ಹೇಳುವವರು ಯಾರೂ ಇಲ್ಲ. ವಸ್ತು ಬಂತು, ಜಾಗ ಹೋಯಿತು.

ನೋಡಲು ಹೋಗುವವರ ಜೀವಕ್ಕೂ ಕೆಲವು ಅಪಾಯ ಇವೆ. ಬೋಡಿಗೆ ಮಾತ್ರ ಅಲ್ಲ, ಬೆಟ್ಟದ ಯಾವ ಹಳೇ ಗಣಿ ಊರಿಗೂ ಈ ಮಾತು ಸಲ್ಲುತ್ತದೆ. ಗಣಿಯ ಬಾಯಿಯೊಳಗೆ ಕಾಲಿಡಲೇಬೇಡಿ. ಒಳಗಿನ ತೊಲೆಗಳು ಕೊಳೆತಿರುತ್ತವೆ. ಕತ್ತಲಲ್ಲಿ ಕಾಲ ಕೆಳಗೇ ನೂರಾರು ಅಡಿಯ ಶಾಫ್ಟ್ ಬಾಯ್ತೆರೆದಿರಬಹುದು. ಆಮ್ಲಜನಕ ಇಲ್ಲದ ಗಾಳಿಗೆ ವಾಸನೆಯೂ ಇರುವುದಿಲ್ಲ, ತಿಳಿಯುವಷ್ಟರಲ್ಲಿ ಪ್ರಜ್ಞೆ ತಪ್ಪುತ್ತದೆ. ಬಿಟ್ಟುಹೋದ ಹಳೇ ಡೈನಮೈಟ್ ಮುಟ್ಟಿದರೂ ಸಿಡಿಯಬಹುದು. ಮಿಲ್ಲಿನ ಸುತ್ತಲಿನ ಮಣ್ಣಿನಲ್ಲಿ ಪಾದರಸ, ಸಯನೈಡು ಬಳಸಿದ ಕಾಲದ ವಿಷ ಉಳಿದಿರುತ್ತದೆ. ಬೋಡಿಯಲ್ಲಿ ಮಿಲ್ಲಿಗೆ ಗೈಡ್ ಜೊತೆ ಮಾತ್ರ ಬಿಡುವುದು ಸುಮ್ನೆ ಅಲ್ಲ. ಇನ್ನೊಂದು, ಮುಚ್ಚಿದ ಹಳೇ ಮನೆಗಳ ಧೂಳು. ಅಲ್ಲಿನ ಡಿಯರ್ ಮೌಸ್ ಅನ್ನುವ ಇಲಿಯ ಒಣಗಿದ ಹಿಕ್ಕೆಯ ಧೂಳು ಉಸಿರಿಗೆ ಹೋದರೆ ಹಂಟಾ ವೈರಸ್ ಬರಬಹುದು. ಕ್ಯಾಲಿಫೋರ್ನಿಯಾದಲ್ಲಿ ಈ ಕಾಯಿಲೆ ಜಾಸ್ತಿ ಕಂಡಿರುವುದು ಇದೇ ಮೋನೋ ಕೌಂಟಿಯಲ್ಲಿ.

ಬೋಡಿಗೆ ಹೋಗುವವರು 395ನೇ ಹೆದ್ದಾರಿಯಿಂದ ತಿರುಗಿ 13 ಮೈಲಿ ಒಳಗೆ ಹೋಗಬೇಕು. ಕೊನೆಯ 3 ಮೈಲಿ ಮಣ್ಣಿನ ದಾರಿ. ಊರಿನಲ್ಲಿ ಊಟ ಸಿಗುವುದಿಲ್ಲ, ಪೆಟ್ರೋಲ್ ಸಿಗುವುದಿಲ್ಲ. ಆ ಎತ್ತರದಲ್ಲಿ ನಾಲ್ಕು ಹೆಜ್ಜೆ ಬೇಗ ಇಟ್ಟರೂ ಏದುಸಿರು ಬರುತ್ತದೆ. ನಿಧಾನವಾಗಿ ನಡೆದರೆ ಒಳ್ಳೆಯದು, ನೋಡಲಿಕ್ಕೂ ಅದೇ ಸರಿ. ಪಾರ್ಕಿಂಗ್ ಜಾಗ ದಾಟಿದ ಮೇಲೆ ಬೀಡಿ ಸಿಗರೇಟು ಹಚ್ಚುವ ಹಾಗಿಲ್ಲ. 1932 ಆದ ಮೇಲೆ ಅದನ್ನು ವಿವರಿಸಬೇಕಾಗಿಲ್ಲ.

ಚಳಿಗಾಲದಲ್ಲಿ ಆ ದಾರಿ ಹಿಮದಡಿ ಮುಚ್ಚಿಹೋಗುತ್ತದೆ. ಸ್ಕೀ ಕಟ್ಟಿಕೊಂಡೋ ಸ್ನೋಮೊಬೈಲ್ ಏರಿಯೋ ಬರುವವರು ಬೆರಳೆಣಿಕೆ. ಗಾಳಿ ಮರದ ಗೋಡೆಗಳನ್ನು ಅಲ್ಲಾಡಿಸುವಷ್ಟು ಬೀಸುತ್ತದೆ. ಆಗಲೂ ಊರು ಪೂರ್ತಿ ಖಾಲಿ ಇರುವುದಿಲ್ಲ. ಉದ್ಯಾನದ ಸಿಬ್ಬಂದಿಯಲ್ಲಿ ಕೆಲವರು ಅಲ್ಲಿಯ ಹಳೇ ಮನೆಗಳಲ್ಲೇ ಒಲೆ ಉರಿಸಿಕೊಂಡು ಉಳಿಯುತ್ತಾರೆ. ರಾತ್ರಿಯೆಲ್ಲ ಹಿಮ ಸುರಿದ ಮಾರನೇ ಬೆಳಿಗ್ಗೆ ಅವರು ಹೊರಗೆ ಬಂದು ಒಂದೊಂದೇ ಚಾವಣಿ ನೋಡಿಕೊಂಡು ಹೋಗುತ್ತಾರೆ, ಯಾವುದು ಎಷ್ಟು ಬಾಗಿದೆ ಅಂತ.